ಪಣತ ತುಂಬಿದ ವರ್ಷ

ಭೂಮಿ ಹುಣ್ಣಿಮೆ ಬಂತೆಂದರೆ ಸಾಗರ ಸೀಮೆಯ ದೀವರ ಮನೆಗಳಲ್ಲಿ ಬುಟ್ಟಿಗೆ ಚಿತ್ತಾರ ಏರುತ್ತದೆ, ಕೊಟ್ಟಿಗೆ ಗೋಡೆಗೆ ಕೆಮ್ಮಣ್ಣು. ಗೇಣಿಯ ಕಾಲ, ಮುಳುಗಡೆಯ ನೀರು, ಉಳುವವನೇ ಒಡೆಯನಾದ ದಿನ ಎಲ್ಲವನ್ನೂ ಕಂಡ ಒಂದು ಹಳೆಯ ಪಣತದ ಕತೆ ಇದು. ಅದನ್ನು ತುಂಬಿಸಲು ಮೂರು ತಲೆಮಾರು ಕಾದವು. ಈಗ ಐದನೆಯ ತಲೆಮಾರು ಅದರ ಬಾಗಿಲಲ್ಲಿ ನಿಂತಿದೆ.

ಅಜ್ಜಿ ಪಣತದ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದಾಳೆ. ಮಡಿಲಲ್ಲಿ ಬಿದಿರಿನ ಬುಟ್ಟಿ. ಸಗಣಿ ಬಳಿದು ಒಣಗಿಸಿ, ಅದರ ಮೇಲೆ ಕೆಮ್ಮಣ್ಣು ಹಚ್ಚಿದ್ದಾಗಿದೆ. ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಎತ್ತುತ್ತಾಳೆ.

ಎಂಬತ್ತೈದರ ಆಸುಪಾಸಿನ ಕೈ. ಕುಂಚ ಬುಟ್ಟಿಗೆ ತಾಗುವ ತನಕ ನಡುಗುತ್ತದೆ. ತಾಗಿದ ಮೇಲೆ ಗೆರೆ ನೆಟ್ಟಗೆ ಓಡುತ್ತದೆ.

‘ಇಲ್ಲೊಂದು ಸಾಲು ಸಸಿ ಬರೀ ಮಗಾ. ನಂಗೆ ಬಗ್ಗೂಕೆ ಆಗ್ತಿಲ್ಲ’ ಎಂದು ಬುಟ್ಟಿಯನ್ನು ನನ್ನತ್ತ ತಿರುಗಿಸುತ್ತಾಳೆ. ಬೆಳಿಗ್ಗೆಯಷ್ಟೇ ತಾಳಗುಪ್ಪದ ರೈಲಿನಿಂದ ಇಳಿದು ಬಂದ ನಾನು ಕೈತೊಳೆದು ಕೂರುತ್ತೇನೆ. ವಿಜಯದಶಮಿ ಕಳೆದು ಐದು ದಿನ. ಇವತ್ತು ರಾತ್ರಿಯೊಳಗೆ ಬುಟ್ಟಿ ಮುಗಿಯಬೇಕು.

ಒಳಗೆ ಅವ್ವ, ಅತ್ತಿಗೆ ರಾತ್ರಿಯಿಡೀ ಒಲೆ ಆರಿಸುವುದಿಲ್ಲ. ಕೊಟ್ಟೆ ಕಡುಬು ಬೇಯುತ್ತದೆ. ಬೆಟ್ಟದಿಂದ, ಬೇಲಿಯಿಂದ, ಗದ್ದೆಯಂಚಿನಿಂದ ಆಯ್ದು ತಂದ ಹತ್ತಾರು ಬಗೆಯ ಸೊಪ್ಪು ಅಚ್ಚಂಬಲಿಯಾಗಿ ಕುದಿಯುತ್ತದೆ. ಬೆಳಗಿನ ಜಾವ ಅಣ್ಣ ಬುಟ್ಟಿ ಹೊತ್ತು ಹೊರಡುತ್ತಾನೆ. ಮುಂದೆ ದೊಂದಿ ಹಿಡಿದ ಹುಡುಗ. ಚಂದ್ರ ಪಡುವಣ ಗುಡ್ಡಕ್ಕೆ ಇಳಿದಿರುತ್ತಾನೆ. ಗದ್ದೆಯ ಮೇಲೆ ಮಂಜು ಹಾಸಿರುತ್ತದೆ.

ಭತ್ತ ಹೊಡೆಯಾಗಿದೆ. ಗರಿಯೊಳಗೆ ತೆನೆ ತುಂಬಿ ಹೊಟ್ಟೆ ಉಬ್ಬಿದೆ. ಬಸುರಿಗೆ ಬಯಕೆ ತೀರಿಸಬೇಕಲ್ಲವೆ? ಅಣ್ಣ ಅಚ್ಚಂಬಲಿಯನ್ನು ಗದ್ದೆಯ ಸುತ್ತ ಬೀರುತ್ತ, ಬಂದು ಉಂಡು ಹೋಗೆಂದು ಭೂಮಿತಾಯಿಯನ್ನು ಗಟ್ಟಿದನಿಯಲ್ಲಿ ಕರೆಯುತ್ತಾನೆ. ಅವನ ದನಿ ಆರುವ ಮೊದಲೇ ಪಕ್ಕದ ಗದ್ದೆಯಿಂದ ಇನ್ನೊಂದು ಕೂಗು ಏಳುತ್ತದೆ, ಆಚೆ ದಂಡೆಯಿಂದ ಮತ್ತೊಂದು. ಊರಿಗೆ ಊರೇ ನೆಲವನ್ನು ಊಟಕ್ಕೆ ಕರೆಯುವ ಹೊತ್ತು ಅದು.

ಕೊಟ್ಟಿಗೆ ಬಾಗಿಲಲ್ಲಿ ನಿಂತು ಆ ಕೂಗು ಕೇಳುವಾಗಲೆಲ್ಲ ನನಗೆ ಅನ್ನಿಸುವುದು ಒಂದೇ: ಈ ಕರೆಯನ್ನು ಕೂಗುವ ಹಕ್ಕಿಗೆ ನಮ್ಮ ಮನೆಯಲ್ಲಿ ಎಂದೂ ಕೊರತೆಯಿರಲಿಲ್ಲ. ಕರೆದು ಬೆಳೆದ ಭತ್ತವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಬರಲು ಮಾತ್ರ ಬಹಳ ಕಾಲ ಹಿಡಿಯಿತು.

---

■ ಭೂಮಿ ಹುಣ್ಣಿಮೆ

● ಆಶ್ವಯುಜ ಮಾಸದ ಹುಣ್ಣಿಮೆ. ಸೀಗೆ ಹುಣ್ಣಿಮೆ ಎಂದೂ ಹೆಸರು. ಮಲೆನಾಡಿನಲ್ಲಿ ಭತ್ತ ಹೊಡೆಯೊಡೆಯುವ ಕಾಲ.

● ದೀವರ ಹೆಂಗಸರು ಬರೆಯುವ ಭೂಮಣ್ಣಿ ಬುಟ್ಟಿ ಎರಡು. ದೊಡ್ಡದರಲ್ಲಿ ಎಡೆಯ ಅಡುಗೆ, ಚಿಕ್ಕದರಲ್ಲಿ ಅಚ್ಚಂಬಲಿ.

● ಬಣ್ಣವೆಲ್ಲ ಹಿತ್ತಿಲಿನದೇ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಕರಿಯಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಗೆ ಕಾಯಿ.

● ಮದುವೆಯಲ್ಲಿ ಗೋಡೆಗೆ ಬರೆಯುವ ಹಸೆ ಚಿತ್ತಾರದ್ದೇ ಗೆರೆಗಳು ಇಲ್ಲಿ ಬುಟ್ಟಿಯ ಮೈಗೆ ಬರುತ್ತವೆ.

---

ಉಳಿದ ಭತ್ತಕ್ಕೊಂದು ಮನೆ

ಪೇಟೆಯಲ್ಲಿ ಬೆಳೆದ ಮಕ್ಕಳಿಗೆ ಪಣತ ಎಂದರೆ ಏನೆಂದು ಹೇಳಬೇಕಾಗುತ್ತದೆ. ಅದು ಭತ್ತ ತುಂಬುವ ಮರದ ಕೋಣೆ. ನಾಲ್ಕು ಮೂಲೆಗೆ ಕಂಬ, ಕಂಬದಲ್ಲಿ ಉದ್ದಕ್ಕೆ ಕೊರೆದ ಸೀಳು, ಆ ಸೀಳಿನಲ್ಲಿ ಒಂದರ ಮೇಲೊಂದು ಇಳಿಬಿಟ್ಟ ಹಲಗೆ. ನೆಲದ ತೇವ, ಇಲಿಯ ಹಲ್ಲು ತಾಗದಂತೆ ಕೆಳಗೆ ಕಲ್ಲು ಕೊಟ್ಟು ಎತ್ತರಿಸಿರುತ್ತಾರೆ.

ತುಂಬುವಾಗ ಎದುರಿನ ಹಲಗೆಗಳನ್ನು ಒಂದೊಂದಾಗಿ ಏರಿಸುತ್ತ ಹೋಗಬೇಕು. ತೆಗೆಯುವಾಗ ಮೇಲಿನಿಂದ ಒಂದೊಂದಾಗಿ ಕಳಚಬೇಕು. ಮಳೆಗಾಲದ ನಡುವೆ ಎಷ್ಟು ಹಲಗೆ ಉಳಿದಿದೆ ಎಂದು ನೋಡಿದರೆ ಸಾಕು, ಮನೆಯ ಹೊಟ್ಟೆಯ ಲೆಕ್ಕ ಸಿಗುತ್ತಿತ್ತು. ಹುಳ ಬೀಳದಂತೆ ನಡುನಡುವೆ ಲಕ್ಕಿ ಸೊಪ್ಪು.

ನಮ್ಮ ಪಣತ ಮತ್ತಿ ಮರದ್ದು. ಒಂದೊಂದು ಹಲಗೆಯ ಬೆನ್ನಿಗೂ ಉಳಿಯಿಂದ ಕೊರೆದ ಗೀಟುಗಳಿವೆ. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಬಿಚ್ಚಿ ಮತ್ತೆ ಕಟ್ಟುವಾಗ ಸಾಲು ತಪ್ಪಬಾರದೆಂದು ಹಾಕಿದ ಗುರುತು. ಈ ಪಣತವನ್ನು ನಿಜಕ್ಕೂ ಒಮ್ಮೆ ಬಿಚ್ಚಿದ್ದರು, ಬೇರೆ ಊರಲ್ಲಿ, ಬೇರೆ ಮನೆಯಲ್ಲಿ.

ಅದಕ್ಕೂ ಹಿಂದೆ ನಮ್ಮ ಮನೆಯಲ್ಲಿ ಪಣತವೇ ಇರಲಿಲ್ಲ. ಇದ್ದದ್ದು ಬಿದಿರು ಹೆಣೆದು ಸಗಣಿ ಮೆತ್ತಿದ, ಆಳೆತ್ತರವೂ ಇಲ್ಲದ ಒಂದು ಕಣಜ. ಮುತ್ತಜ್ಜನ ಕಾಲಕ್ಕೆ ಅದೂ ತುಂಬುತ್ತಿರಲಿಲ್ಲ. ಧಾನ್ಯದ ಮನೆ ಏಳುವುದು ಧಾನ್ಯ ಉಳಿದಾಗ. ಗೇಣಿ ಒಕ್ಕಲಿನ ಮನೆಯಲ್ಲಿ ಉಳಿಯುವುದು ಏನಿತ್ತು?

‘ಲಾಭ’ ಎಂಬ ಲೆಕ್ಕ

ಮುತ್ತಜ್ಜ ಉತ್ತದ್ದು ವರದೆಯ ಬಯಲಿನ ತಗ್ಗುಗದ್ದೆ. ಇಕ್ಕೇರಿಯ ಬಳಿಯ ವರದಾಮೂಲದಲ್ಲಿ ಹುಟ್ಟುವ ಹೊಳೆ ಮಳೆಗಾಲದಲ್ಲಿ ದಂಡೆ ಮೀರಿ ಗದ್ದೆಗೆ ನುಗ್ಗುತ್ತದೆ. ವಾರಗಟ್ಟಲೆ ನೀರಲ್ಲಿ ನಿಂತರೂ ಕೊಳೆಯದೆ, ನೀರಿಳಿದ ಮೇಲೆ ಮತ್ತೆ ಚಿಗುರುವ ನೆರೆಗುಳಿ ಭತ್ತವೇ ಅಲ್ಲಿಗೆ ಗತಿ. ಆ ಬೀಜವನ್ನು ಆರಿಸಿ, ಒಣಗಿಸಿ, ವರ್ಷದಿಂದ ವರ್ಷಕ್ಕೆ ಕಾಪಿಟ್ಟುಕೊಂಡು ಬಂದದ್ದು ಮುತ್ತಜ್ಜಿ.

ಗದ್ದೆ ಒಡೆಯರದು. ಸುಗ್ಗಿ ಮುಗಿದು ಭತ್ತ ಕಣದಲ್ಲಿ ರಾಶಿ ಬಿದ್ದ ದಿನ ಒಡೆಯರ ಮನೆಯ ಆಳು ಕೊಳಗ ಹಿಡಿದು ಬರುತ್ತಿದ್ದ. ರಾಶಿ ಅಳೆಯುವಾಗ ನಮ್ಮಲ್ಲಿ ‘ಒಂದು’ ಎನ್ನುವುದಿಲ್ಲ. ಮೊದಲ ಕೊಳಗಕ್ಕೆ ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಇಪ್ಪತ್ತಕ್ಕೆ ಒಂದು ಖಂಡುಗ.

‘ಲಾಭ ಅಂತ ಕೂಗೋದು ಅವ್ರು. ಅಳೆಸಿಕೊಂಡು ಸುಮ್ನೆ ಕೂರೋದು ನಮ್ಮಪ್ಪ’ ಎಂದು ಅಜ್ಜ ಹೇಳುತ್ತಿದ್ದರು. ಗೇಣಿ ಅಳೆಯುವ ಕೊಳಗ ಊರ ಕೊಳಗಕ್ಕಿಂತ ದೊಡ್ಡದೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಬಾಯಿಬಿಟ್ಟು ಹೇಳುವವರಿರಲಿಲ್ಲ. ಕೊನೆಗೆ ಹೇಳಿದ ಊರು ಕಾಗೋಡು.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಆ ಹಳ್ಳಿಯ ಗೇಣಿದಾರರು ಗದ್ದೆಗಿಳಿದು ಸತ್ಯಾಗ್ರಹ ಹೂಡಿದರು. ಒಂದು ಮರದ ಅಳತೆಪಾತ್ರೆಯ ಗಾತ್ರದಿಂದ ಶುರುವಾದ ತಕರಾರು, ನೆಲ ಯಾರದೆಂಬ ಪ್ರಶ್ನೆಗೆ ಬಂದು ನಿಂತಿತು. ಸುತ್ತಲ ಹಳ್ಳಿಗಳಿಂದ ತಂಡ ತಂಡವಾಗಿ ಜನ ಹೋದರು. ಮುತ್ತಜ್ಜನೂ ಒಂದು ತಂಡದ ಜೊತೆ ನಡೆದು ಹೋಗಿ ಬಂದವನು. ಏನು ಮಾಡಿದೆ ಎಂದು ಕೇಳಿದರೆ, ‘ಎಲ್ರ ಜೊತಿ ನಿಂತ್ಕಂಡಿದ್ದೆ’ ಎಂದಷ್ಟೇ ಹೇಳುತ್ತಿದ್ದನಂತೆ.

ನಮ್ಮ ಮನೆತನದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿಲ್ಲ.

---

■ ಕೊಳಗದಿಂದ ಕಾಯ್ದೆಯ ತನಕ

● 1951, ಏಪ್ರಿಲ್: ಎಚ್. ಗಣಪತಿಯಪ್ಪ ಅವರ ಮುಂದಾಳುತನದಲ್ಲಿ ಕಾಗೋಡು ಸತ್ಯಾಗ್ರಹ ಶುರು. ಸಮಾಜವಾದಿಗಳ ಬೆಂಬಲ.

● 1951, ಜೂನ್: ಸಾಗರಕ್ಕೆ ಬಂದ ರಾಮಮನೋಹರ ಲೋಹಿಯಾ ಅವರ ಬಂಧನ. ಚಳವಳಿ ದೇಶದ ಸುದ್ದಿ.

● 1952: ಹೋರಾಟದ ಮುಂಚೂಣಿಯಲ್ಲಿದ್ದ ಶಾಂತವೇರಿ ಗೋಪಾಲಗೌಡ ಶಾಸನಸಭೆಗೆ ಆಯ್ಕೆ.

● 1961: ಭೂಸುಧಾರಣಾ ಕಾಯ್ದೆ. ಜಾರಿಗೆ ಬಂದದ್ದು 1965ರಲ್ಲಿ.

● 1974, ಮಾರ್ಚ್ 1: ದೇವರಾಜ ಅರಸು ಸರ್ಕಾರದ ತಿದ್ದುಪಡಿ ಜಾರಿ. ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವರಿಗೆ ಹಕ್ಕು ಪಡೆಯುವ ದಾರಿ ತೆರೆಯಿತು.

---

ಹೊಳೆಯಾಚೆಯಿಂದ ಬಂದ ಹಲಗೆಗಳು

ಪಣತ ಬಂದದ್ದು ಅಜ್ಜಿಯ ತವರಿನಿಂದ.

ಅಜ್ಜಿ ಶರಾವತಿ ಕಣಿವೆಯವಳು. ಅವಳ ಅಪ್ಪನಿಗೆ ಸ್ವಂತದ ಗದ್ದೆ ಇತ್ತು, ಮನೆ ಮುಂದೆ ದೊಡ್ಡ ಕಣ, ಪಡಸಾಲೆಗೆ ತಾಗಿ ಮತ್ತಿಯ ಪಣತ. ಹಿರೇಭಾಸ್ಕರ ಅಣೆಕಟ್ಟೆಯ ನೀರು ನಿಂತದ್ದು ಅವಳು ಎಳೆಯ ಹುಡುಗಿಯಾಗಿದ್ದಾಗ. ಆಗ ಅವರ ಊರು ಉಳಿದಿತ್ತು. ಅವಳು ಮದುವೆಯಾಗಿ ವರದೆಯ ಕಡೆಗೆ ಬಂದ ಕೆಲವು ವರ್ಷಗಳಿಗೆ ಲಿಂಗನಮಕ್ಕಿ ಎದ್ದಿತು. 1964ರಲ್ಲಿ ನಿಂತ ನೀರು ಹಳೆಯ ಹಿರೇಭಾಸ್ಕರ ಅಣೆಕಟ್ಟೆಯನ್ನೇ ಮುಳುಗಿಸಿತು. ಅಜ್ಜಿಯ ಊರು ಯಾವ ಲೆಕ್ಕ?

ನಾಡಿಗೆ ಬೆಳಕು ಬಂತು. ಕಣಿವೆಯ ಜನ ಮನೆ ಬಿಚ್ಚಿದರು. ಹೆಂಚು ಇಳಿಸಿದರು, ಬಾಗಿಲು ಕಳಚಿದರು, ಕಂಬ ಕಿತ್ತರು. ಹೊತ್ತೊಯ್ಯಲಾಗದ್ದು ಗದ್ದೆ ಮತ್ತು ದೇವರ ಬನ.

ಅಜ್ಜಿಯ ಅಪ್ಪ ಪಣತವನ್ನು ಎರಡು ಗಾಡಿಗೆ ಹೇರಿ ಮಗಳ ಮನೆಗೆ ಕಳಿಸಿದರು. ಹೊಸ ಜಾಗದಲ್ಲಿ ಕಾಡು ಕಡಿದು ಗದ್ದೆ ಮಾಡುವ ತನಕ ಅದರಿಂದ ಅವರಿಗೆ ಉಪಯೋಗವಿರಲಿಲ್ಲ. ‘ನಮ್ಮಲ್ಲಿ ತುಂಬೂಕೆ ಗದ್ದೆ ಇಲ್ಲ, ನಿಮ್ಮಲ್ಲಿ ತುಂಬಿಕೊಳ್ಳಿ’ ಎಂದು ಹೇಳಿ ಕಳಿಸಿದ್ದರಂತೆ.

ಆದರೆ ಇಲ್ಲಿ ಗದ್ದೆ ಇತ್ತು, ಭತ್ತ ಉಳಿಯುತ್ತಿರಲಿಲ್ಲ. ಅಲ್ಲಿ ಪಣತ ಇತ್ತು, ಗದ್ದೆ ಉಳಿಯಲಿಲ್ಲ. ಹಲಗೆಗಳು ಕೊಟ್ಟಿಗೆಯ ಅಟ್ಟ ಸೇರಿದವು. ಗೇಣಿ ಕೊಡುವ ಮನೆಯಲ್ಲಿ ಪಣತ ಎಬ್ಬಿಸಿ ನಿಲ್ಲಿಸಿದರೆ ಒಡೆಯರ ಕಣ್ಣಿಗೆ ಏನಾಗಿ ಕಂಡೀತು ಎಂಬ ಅಳುಕೂ ಇತ್ತು. ಹದಿಮೂರು ಮಳೆಗಾಲ ಅವು ಹೊಗೆ ಕುಡಿಯುತ್ತ ಅಲ್ಲೇ ಮಲಗಿದವು. ಗೆದ್ದಲು ಹತ್ತದಂತೆ ವರ್ಷಕ್ಕೊಮ್ಮೆ ಅಜ್ಜಿ ಏರಿ ಹೋಗಿ ಒರೆಸಿ ಬರುತ್ತಿದ್ದಳು.

ಫಾರಂ ನಂಬರ್ ಏಳು

ನಮ್ಮ ಕಡೆ ವಯಸ್ಸಾದವರ ಬಾಯಲ್ಲಿ ಇವತ್ತಿಗೂ ‘ಫಾರಂ ಏಳು’ ಎಂಬುದು ಹಬ್ಬದ ಹೆಸರಿನಂತೆ ಬರುತ್ತದೆ. ಗೇಣಿದಾರ ತಾನು ಉಳುವ ಭೂಮಿಯ ಹಕ್ಕು ಕೇಳಿ ಭೂನ್ಯಾಯ ಮಂಡಳಿಗೆ ಹಾಕಬೇಕಿದ್ದ ಅರ್ಜಿ ಅದು. ಮಂಡಳಿಯ ಮುಂದೆ ವಕೀಲರು ನಿಲ್ಲುವಂತಿರಲಿಲ್ಲ. ಉಳುವವನೇ ನಿಂತು ತನ್ನ ಮಾತು ಹೇಳಬೇಕಿತ್ತು.

ನಾಲ್ಕಕ್ಷರ ಕಲಿತಿದ್ದ ಅಜ್ಜ ಹೋಗಿ ನಿಂತರು. ಎಷ್ಟು ವರ್ಷದಿಂದ ಉಳುತ್ತೀಯ ಎಂದು ಕೇಳಿದ್ದಕ್ಕೆ, ‘ಅಪ್ಪ ಉಳೂದನ್ನ ನೋಡಿದ್ದೆ ಸ್ವಾಮಿ. ಅವ್ನು ಅವ್ನಪ್ಪ ಉಳೂದನ್ನ ನೋಡಿದ್ದ’ ಎಂದರಂತೆ. ಗದ್ದೆಯ ಪ್ರತಿ ಅಂಚಿನ ಹೆಸರು, ನೀರು ಎಲ್ಲಿಂದ ಹತ್ತಿ ಎಲ್ಲಿ ಇಳಿಯುತ್ತದೆ, ಯಾವ ಮೂಲೆಯಲ್ಲಿ ಎತ್ತಿನ ಕಾಲು ಹೂತುಹೋಗುತ್ತದೆ ಎಂಬುದನ್ನೆಲ್ಲ ಹೇಳಿದರು. ಕಾಗದದಲ್ಲಿಲ್ಲದ ದಾಖಲೆ ಅವರ ಕಾಲಡಿಯಲ್ಲಿತ್ತು.

1977ರ ಮಳೆಗಾಲದಲ್ಲಿ ಆದೇಶ ಬಂತು. ನಾಟಿ ಮುಗಿದ ಮಾರನೆಯ ವಾರವೇ ಅಜ್ಜ ಬಡಗಿಯನ್ನು ಕರೆಸಿದರು. ಅಟ್ಟದಿಂದ ಹಲಗೆಗಳು ಇಳಿದವು. ಗೀಟು ಎಣಿಸಿ ಎಣಿಸಿ ಜೋಡಿಸಿದರು. ಕಂಬದ ಸೀಳಿಗೆ ಎಣ್ಣೆ ಹಾಕಿದರು. ಕಟ್ಟಿ ಮುಗಿದಾಗ ಒಂದು ಹಲಗೆಯೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ.

ಆ ವರ್ಷದ ಸುಗ್ಗಿಯನ್ನು ಅಜ್ಜಿ ಹೀಗೆ ಹೇಳುತ್ತಾಳೆ: ‘ಒಕ್ಕಲು ಮುಗೀತು. ಯಾರೂ ಬರ್ಲಿಲ್ಲ. ಕಣದ ದಾರಿ ನೋಡ್ತಾ ಕೂತ್ವಿ, ಯಾರೂ ಬರ್ಲಿಲ್ಲ. ಆಮೇಲೆ ನಮ್ಮ ಮಾವ ಎದ್ದು ಕೊಳಗ ತಗಂಡ್ರು.’

ಮಾವ ಎಂದರೆ ನನ್ನ ಮುತ್ತಜ್ಜ. ಎಪ್ಪತ್ತು ದಾಟಿದ್ದ, ಕಣ್ಣು ಮಂಜಾಗಿದ್ದ ಮುತ್ತಜ್ಜ ಮೊದಲ ಕೊಳಗವನ್ನು ತುಂಬಿ, ಅಂಗೈಯಿಂದ ತಲೆ ಸವರಿ, ‘ಲಾಭ’ ಎಂದ. ಅಳೆಯುವವನ ಬಾಯಿಂದ ಬರುವ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಎರಡನೆಯದಕ್ಕೆ ಕೈ ನಡುಗಿ, ಉಳಿದದ್ದನ್ನು ಅಜ್ಜ ಅಳೆದರು.

ಪಣತ ತುಂಬಿತು. ಎದುರಿನ ಹಲಗೆ ಒಂದನ್ನೂ ಬಿಡದೆ ಏರಿಸಬೇಕಾಯಿತು.

---

■ ನಾಡಿನ ಧಾನ್ಯದ ಮನೆಗಳು

● ಹಗೇವು: ಬಯಲುಸೀಮೆಯ ನೆಲಮಾಳಿಗೆ. ಕಿರಿದಾದ ಬಾಯಿ, ಅಗಲವಾದ ಒಡಲು. ಒಳಗೆ ಹುಲ್ಲು ಹಾಸಿ ಜೋಳ, ರಾಗಿ ತುಂಬಿ ಮುಚ್ಚುತ್ತಿದ್ದರು. ತೆರೆದ ಕೂಡಲೇ ಇಳಿದರೆ ಉಸಿರುಗಟ್ಟುವ ಅಪಾಯ. ಹಾಗಾಗಿ ಗಾಳಿಯಾಡಲು ಬಿಟ್ಟು ಇಳಿಯುವ ರೂಢಿ.

● ಕಣಜ: ಬಿದಿರಿನಿಂದ ಹೆಣೆದು ಸಗಣಿ, ಮಣ್ಣು ಮೆತ್ತಿದ್ದು. ಬಡವರ ಮನೆಯಲ್ಲೂ ಇರುತ್ತಿತ್ತು.

● ವಾಡೆ, ಗುಡಾಣ: ಹಳೇ ಮೈಸೂರು ಕಡೆಯ ದೊಡ್ಡ ಮಣ್ಣಿನ ಪಾತ್ರೆಗಳು.

● ಪತ್ತಾಯ: ಕೊಡಗು, ಕರಾವಳಿಯ ಮನೆಗಳ ಮರದ ಧಾನ್ಯಪೆಟ್ಟಿಗೆ.

● ಮುಡಿ: ಕರಾವಳಿಯಲ್ಲಿ ಬೈಹುಲ್ಲಿನ ಹಗ್ಗ ಸುತ್ತಿ ಉಂಡೆ ಕಟ್ಟಿದ ಅಕ್ಕಿ.

---

ಕೊಟ್ಟಿಗೆಯ ಉಸಿರು

ಪಣತ ಮನೆಯ ಹೊಟ್ಟೆಯಾದರೆ ಕೊಟ್ಟಿಗೆ ಅದರ ಉಸಿರು. ನಮ್ಮದು ಮನೆಗಿಂತ ಹಳೆಯದು. ನಂದಿ ಮರದ ಹನ್ನೆರಡು ಕಂಬ, ಎದೆಮಟ್ಟದ ಮಣ್ಣಿನ ಗೋಡೆ, ಮೇಲೆ ಹುಲ್ಲಿನ ಅಟ್ಟ. ಮೊದಲು ಅಡಿಕೆ ಸೋಗೆಯ ಮಾಡು ಇತ್ತು. ಪ್ರತಿ ಬೇಸಿಗೆಯಲ್ಲೂ ಬಿಚ್ಚಿ ಹೊಸದಾಗಿ ಹೊದೆಸಬೇಕಿತ್ತು. ಪಣತ ತುಂಬಿದ ಮೂರನೆಯ ವರ್ಷ ಭತ್ತ ಮಾರಿದ ದುಡ್ಡಿನಲ್ಲಿ ಮಂಗಳೂರು ಹೆಂಚು ಬಂತು.

ಇಲ್ಲಿನ ಕೆಲಸ ಒಂದು ಚಕ್ರ. ಬೆಟ್ಟದಿಂದ ಹಸಿಸೊಪ್ಪು, ಬೇಸಿಗೆಯಲ್ಲಿ ದರಗು ಬರುತ್ತದೆ. ದನದ ಕಾಲಡಿಗೆ ಹಾಸುತ್ತಾರೆ. ಗಂಜಲ, ಸಗಣಿ ಸೇರಿ ಅದು ಮೆತ್ತಗಾಗುತ್ತದೆ. ಎತ್ತಿ ಗುಂಡಿಗೆ ಹಾಕಿದರೆ ಮುಂದಿನ ಬೇಸಿಗೆಗೆ ಕರಿಯ ಗೊಬ್ಬರ, ಗೊಬ್ಬರ ಗದ್ದೆಗೆ, ಗದ್ದೆಯ ಹುಲ್ಲು ಮತ್ತೆ ದನಕ್ಕೆ. ಅವ್ವ ಮದುವೆಯಾಗಿ ಬಂದಾಗ ಹದಿನಾಲ್ಕು ದನಗಳಿದ್ದವು. ಎಲ್ಲವೂ ಮಲೆನಾಡು ಗಿಡ್ಡ. ಗಿಡ್ಡ ಕಾಲು, ಹಗುರ ಮೈ, ಕೆಸರುಗದ್ದೆಯಲ್ಲಿ ಹೂತುಹೋಗದ ಗೊರಸು. ಹಾಲು ಸೇರುಗಟ್ಟಲೆ ಕೊಡುವ ಜಾತಿಯಲ್ಲ. ಆದರೆ ಬೆಟ್ಟಕ್ಕೆ ತಾನೇ ಹೋಗಿ, ಮೇಯ್ದು, ಜಡಿಮಳೆಯಲ್ಲೂ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಕತ್ತು ಕೊಡಲು ಬರುತ್ತಿತ್ತು.

ಈ ಸೊಪ್ಪನ್ನು ಹೊತ್ತವರು, ಗೊಬ್ಬರ ಎತ್ತಿದವರು ಹೆಂಗಸರು. ಅಜ್ಜಿಯ ನೆತ್ತಿಯ ಕೂದಲು ಸೊಪ್ಪಿನ ಹೊರೆಗೆ ಸವೆದು ಇಂದಿಗೂ ತೆಳುವಾಗಿದೆ. ಪಹಣಿಯಲ್ಲಿ ಅಜ್ಜನ ಹೆಸರು ಬಂತು, ಆಮೇಲೆ ಅಪ್ಪನದು. ಅಪ್ಪ ಹೋದ ಮೇಲೆ ಅಣ್ಣನ ಜೊತೆ ಅವ್ವನ ಹೆಸರು, ನನ್ನ ಹೆಸರು ಸೇರಿದೆ. ‘ನಿನ್ನ ಹೆಸ್ರು ಹಾಕೂಕೆ ನಾನೇ ಹೇಳಿದ್ದು’ ಎಂದು ಅಜ್ಜಿ ಪ್ರತಿ ಸಲ ನೆನಪಿಸುತ್ತಾಳೆ. ನೆಲದ ಹಕ್ಕಿಗಾಗಿ ಕಾದವರಿಗೆ ಅದನ್ನು ಹಂಚುವುದೂ ಗೊತ್ತಿರಬೇಕು ಎಂಬುದು ಅವಳ ನಂಬಿಕೆ.

ಬೀಳಿಸುವುದೋ, ಉಳಿಸುವುದೋ

ಇವತ್ತು ನಮ್ಮ ಊರಿನಲ್ಲಿ ಹಳೆಯ ಕೊಟ್ಟಿಗೆ ಉಳಿದ ಮನೆಗಳು ಬೆರಳೆಣಿಕೆಯಷ್ಟು. ಟಿಲ್ಲರ್ ಬಂತು, ಎತ್ತು ಹೋಯಿತು. ಕಟಾವು ಯಂತ್ರ ಬಂತು, ಕಣ ಹೋಯಿತು. ಎತ್ತರದ ಗದ್ದೆಗಳು ಅಡಿಕೆ ತೋಟವಾದವು. ಭತ್ತ ಕೊಯ್ದ ದಿನವೇ ಚೀಲ ಸೇರಿ ಗಿರಣಿಗೆ ಹೋಗುತ್ತದೆ. ಯಾರನ್ನೂ ದೂರಲಾರೆ. ಭತ್ತದ ಲೆಕ್ಕ ಹಾಕಿದವರಿಗೆ, ಆಳು ಸಿಗದೆ ಕೊಯ್ಲು ತಡವಾಗಿ ಮಳೆಗೆ ತೆನೆ ಮೊಳೆತದ್ದನ್ನು ಕಂಡವರಿಗೆ ಇದರ ಸಂಕಟ ಗೊತ್ತು.

ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ ಕೊಟ್ಟಿಗೆಯ ಬಡಗಣ ಮೂಲೆ ಕುಸಿಯಿತು. ಬಿಚ್ಚಿ ಕಬ್ಬಿಣದ ಕಂಬ ನೆಟ್ಟು ತಗಡು ಹೊದೆಸಿದರೆ ಹದಿನೈದು ದಿನದ ಕೆಲಸ. ಮೂರು ದನಕ್ಕೆ ಅಷ್ಟು ಸಾಕು ಎಂದವರೇ ಹೆಚ್ಚು. ನಾನೂ ಫೋನಿನಲ್ಲಿ ಹಾಗೇ ಅಂದಿದ್ದೆ.

ಅಣ್ಣ ಒಪ್ಪಲಿಲ್ಲ. ‘ತಗಡು ಹಾಕಿದ್ರೆ ನಂಗೆ ಸುಲಭ. ಆದ್ರೆ ಹಲಗೆ ಹದಿಮೂರು ವರ್ಷ ಮಲಗಿದ್ದ ಅಟ್ಟ ಇದು, ಇದನ್ನ ಎಲ್ಲಿಂದ ತರೂದು?’ ಎಂದ. ತೋಟದ ಆದಾಯದಲ್ಲಿ ಒಂದಿಷ್ಟು ತೆಗೆದಿಟ್ಟು ಎರಡು ಬೇಸಿಗೆ ದುಡಿದ. ಗೆದ್ದಲು ತಿಂದ ಎರಡು ಕಂಬದ ಬುಡವನ್ನಷ್ಟೇ ಕತ್ತರಿಸಿ ಕಲ್ಲಿನ ಪೀಠ ಕೊಟ್ಟ. ಒಡೆದ ಹೆಂಚಿಗೆ ಬದಲು, ಬಿದ್ದ ಮನೆಗಳಿಂದ ಹಳೆಯ ಹೆಂಚನ್ನೇ ಕೊಂಡು ತಂದ. ಗೋಡೆಗೆ ಮಣ್ಣು ತುಳಿಯುವುದು ಹೇಗೆಂದು ಅಜ್ಜಿ ಕುರ್ಚಿ ಹಾಕಿಸಿಕೊಂಡು ಕೂತು ಹೇಳಿಕೊಟ್ಟಳು. ತಗ್ಗಿನ ಗದ್ದೆಯಲ್ಲಿ ಇವತ್ತಿಗೂ ಅವನು ನೆರೆಗುಳಿ ಬಿತ್ತುತ್ತಾನೆ. ಮನೆಯ ಊಟಕ್ಕೆ, ಬೀಜಕ್ಕೆ, ಪಣತಕ್ಕೆ.

ನನಗೆ ಹೆಮ್ಮೆಯ ಅರ್ಥ ತಿಳಿದದ್ದು ಆ ಎರಡು ಬೇಸಿಗೆಗಳಲ್ಲಿ. ನಮ್ಮದು ಅರಮನೆಯಂಥ ಮನೆತನವಲ್ಲ, ನೂರಾರು ಎಕರೆಯ ಒಡೆತನವೂ ಅಲ್ಲ. ನಾಲ್ಕು ಎಕರೆಗೆ ಒಂದು ಮೂಟೆ ನೆನಪು. ಈ ಕಟ್ಟಡಗಳನ್ನು ಉಳಿಸಿಕೊಂಡರೆ ಯಾರು ಅಳೆಯುತ್ತಿದ್ದರು, ಯಾರು ಸುಮ್ಮನೆ ಕೂರುತ್ತಿದ್ದರು, ಯಾರ ಊರು ನೀರಿಗೆ ಹೋಗಿ ಯಾರ ಪಣತ ಎದ್ದಿತು ಎಂಬುದೆಲ್ಲ ಮಕ್ಕಳ ಕೈಗೆ ಸಿಗುವಂತೆ ಉಳಿಯುತ್ತದೆ. ಬಿದ್ದುಹೋದರೆ ಅಡಿಕೆಯ ಧಾರಣೆಯೊಂದೇ ನಮ್ಮ ಮಾತಾಗಿಬಿಡುತ್ತದೆ.

ಹೊಸ ಭತ್ತಕ್ಕೆ ಜಾಗ

ಬಿಸಿಲೇರಿದೆ. ಗದ್ದೆಯಂಚಿನಲ್ಲಿ ಎಲ್ಲರೂ ಸಾಲಾಗಿ ಕೂತು ಉಂಡಾಯಿತು. ಕಾಗೆಗೆ ಎಡೆ ಇಟ್ಟಾಯಿತು. ಸಸಿಯ ಬುಡದಲ್ಲಿ ಅಣ್ಣ ಒಂದು ಕಡುಬನ್ನು ಹೂತು ಮಣ್ಣು ಮುಚ್ಚಿದ. ಖಾಲಿ ಬುಟ್ಟಿ ಹೊತ್ತು ಮನೆಗೆ ಬಂದರೆ ಅಜ್ಜಿ ಆಗಲೇ ಪಣತದ ಮುಂದೆ ನಿಂತಿದ್ದಾಳೆ.

ಹಬ್ಬದ ಮಧ್ಯಾಹ್ನ ಪಣತದ ಹಳೆಯ ಭತ್ತ ತೆಗೆದು ಗಿರಣಿಗೆ ಕಳಿಸುವುದು, ಹೊಸದಕ್ಕೆ ಜಾಗ ಮಾಡುವುದು ನಮ್ಮ ಮನೆಯ ರೂಢಿ. ಕೆಳಗಿನ ಎರಡು ಹಲಗೆಯಷ್ಟೇ ಉಳಿದಿವೆ. ಒಳಗೆ ಮೊಣಕಾಲು ಮುಳುಗುವಷ್ಟು ಭತ್ತ. ಒಣಗಿದ ಲಕ್ಕಿ ಸೊಪ್ಪಿನ ವಾಸನೆ.

ಅಜ್ಜಿ ಮೊಳೆಗೆ ತೂಗುಹಾಕಿದ್ದ ಕೊಳಗ ಇಳಿಸಿ ಅಣ್ಣನ ಮಗಳ ಕೈಗೆ ಕೊಡುತ್ತಾಳೆ. ಏಳು ವರ್ಷದ ಹುಡುಗಿ ಹಲಗೆ ದಾಟಿ ಒಳಗಿಳಿದು, ಎರಡೂ ಕೈಯಿಂದ ತುಂಬಿ, ಕಷ್ಟಪಟ್ಟು ಎತ್ತಿ, ‘ಒಂದು!’ ಎನ್ನುತ್ತಾಳೆ.

‘ಒಂದು ಅನ್ಬಾರ್ದು ಮಗಾ’ ಎಂದು ಅಜ್ಜಿ ಬಗ್ಗಿ, ಕೊಳಗದ ತಲೆಯನ್ನು ಅವಳ ಅಂಗೈಯಿಂದಲೇ ಸವರಿಸುತ್ತಾಳೆ. ‘ಹಾಂ, ಈಗ ಕೂಗು. ಗದ್ದೆಗೆ ಕೇಳೂ ಹಂಗೆ ಕೂಗು.’

ಹುಡುಗಿ ಕೂಗುತ್ತಾಳೆ. ಕೊಟ್ಟಿಗೆಯಲ್ಲಿ ಮಲಗಿದ್ದ ಗಿಡ್ಡ ದನ ಕಿವಿ ನಿಮಿರಿಸಿ ಇತ್ತ ನೋಡುತ್ತದೆ. ಚೀಲದ ಬಾಯಿ ಹಿಡಿದು ನಿಂತ ನನ್ನ ಕೈಮೇಲೆ ನೆರೆಗುಳಿಯ ಮೊದಲ ಕೊಳಗ ಸುರಿಯುತ್ತದೆ.